ಮೋಡಿ ಕಾಗದಗಳಲ್ಲಿ ನಮ್ಮ ಸೀಮೆ

ಇತಿಹಾಸವೆಂದರೆ ಅರಸರು, ಕೋಟೆಗಳು, ಯುದ್ಧಗಳು ಎಂದು ನಾವೆಲ್ಲ ಶಾಲೆಯಲ್ಲಿ ಓದಿದ್ದೇವೆ. ಆದರೆ ಹದಿನೆಂಟನೆಯ ಶತಮಾನದಲ್ಲಿ ನಮ್ಮ ಕೃಷ್ಣಾ ತೀರದ ಹೊಲಗಳು ಯಾರ ಹೆಸರಿನಲ್ಲಿದ್ದವು, ರೈತ ಎಷ್ಟು ಸಾರಾ ಕಟ್ಟುತ್ತಿದ್ದ, ತಕರಾರು ಬಂದಾಗ ಯಾರು ತೀರ್ಮಾನಿಸುತ್ತಿದ್ದರು ಎಂಬುದನ್ನು ತಿಳಿಯಬೇಕಾದರೆ ಆ ಕಾಲದ ಭೂಮಿಯ ಒಡೆಯರ ಕಾಗದಪತ್ರಗಳನ್ನೇ ನೋಡಬೇಕು. ಜಹಗೀರದಾರರು, ದೇಸಾಯಿ, ದೇಶಪಾಂಡೆ, ಪಾಟೀಲ, ಕುಲಕರ್ಣಿ ಮನೆತನಗಳವರು ಬರೆದ, ಬರೆಸಿದ ವ್ಯವಹಾರದ ಮತ್ತು ನ್ಯಾಯದ ಪತ್ರಗಳು ಬಟ್ಟೆಯಲ್ಲಿ ಕಟ್ಟಿದ ಗಂಟುಗಳಾಗಿ ಹಳೆಯ ವಾಡೆಗಳಲ್ಲಿ ಇರುತ್ತಿದ್ದವು. ಆ ಗಂಟಿಗೆ 'ರುಮಾಲು' ಎಂದೇ ಹೆಸರು.

ಪಟವರ್ಧನರ ಕಾಲ

ಪೇಶ್ವೆ ಮಾಧವರಾಯರ ಕಾಲದಲ್ಲಿ (1761-1772) ಮಿರಜ ಸುತ್ತಲಿನ ಸೀಮೆ ಪಟವರ್ಧನ ಮನೆತನಕ್ಕೆ ಸರಂಜಾಮಾಗಿ ಬಂತು. ಸರಂಜಾಮು ಎಂದರೆ ಊರುಗಳ ಉತ್ಪನ್ನವನ್ನು ತಾವು ಪಡೆದು, ಅದರ ಬದಲಿಗೆ ಪೇಶ್ವೆಯರಿಗಾಗಿ ಕುದುರೆ ದಂಡನ್ನು ಸಾಕುವುದು. ಹೀಗಾಗಿ ಯುದ್ಧಕ್ಕೂ ಹೊಲಕ್ಕೂ ನೇರ ಸಂಬಂಧವಿತ್ತು. ದಂಡು ಹೈದರಾಲಿಯ ಮೇಲೆ ಹೊರಟರೆ ಸವಾರರ ಪಗಾರಕ್ಕೆ ಹಣ ಬೇಕು. ವಸೂಲಿ ತಡವಾದರೆ ಸಾವಕಾರರಿಂದ ಸಾಲ ತರಬೇಕು, ಹುಂಡಿಯ ಮೂಲಕ ಅದನ್ನು ದೂರದ ಛಾವಣಿಗೆ ಮುಟ್ಟಿಸಬೇಕು. 1791ರಲ್ಲಿ ಧಾರವಾಡದ ಕೋಟೆಯನ್ನು ಟಿಪ್ಪುವಿನ ಸೈನ್ಯದಿಂದ ಗೆದ್ದ ಪರಶುರಾಮ ಭಾವು, 1799ರಲ್ಲಿ ಕೊಲ್ಲಾಪುರದವರೊಡನೆ ಕಾದಾಡಿ ನಿಪ್ಪಾಣಿ ಸಮೀಪದ ಪಟ್ಟಣಕುಡಿಯಲ್ಲಿ ಮಡಿದರು. ಅಂಥ ಒಂದೊಂದು ದಂಡಯಾತ್ರೆಯ ಭಾರವೂ ಕೊನೆಗೆ ಬಂದು ಬೀಳುತ್ತಿದ್ದುದು ಊರಿನ ಕಣದ ಮೇಲೆ.

ದಂಡು ಹಾದುಹೋದ ಊರು ಹಾಳು ಬೀಳುತ್ತಿತ್ತು, ಒಕ್ಕಲು ಗುಳೆ ಹೋಗುತ್ತಿತ್ತು. ಆಗ ಒಡೆಯನು 'ಕೌಲು' ಬರೆದು ಕೊಡುತ್ತಿದ್ದ. ಹಿಂತಿರುಗಿ ಬಂದು ಬೀಳು ಹೊಲ ಉತ್ತರೆ ಮೊದಲ ವರ್ಷ ಸಾರಾ ಕಡಿಮೆ, ಮುಂದೆ ವರ್ಷದಿಂದ ವರ್ಷಕ್ಕೆ ಸ್ವಲ್ಪ ಸ್ವಲ್ಪ ಹೆಚ್ಚಳ ಎಂಬ ಕರಾರು ಅದು. ಒಕ್ಕಲಿಲ್ಲದ ಭೂಮಿ ಒಡೆಯನಿಗೂ ಹೊರೆಯೇ ಎಂಬುದನ್ನು ಕೌಲು ಪತ್ರಗಳು ಒಪ್ಪಿಕೊಂಡಂತಿವೆ.

ಪತ್ರದ ರೀತಿ, ನ್ಯಾಯದ ರೀತಿ

ಈ ಪತ್ರಗಳು ಬಹುತೇಕ ಮರಾಠಿ ಭಾಷೆಯವು, ಮೋಡಿ ಲಿಪಿಯವು. ಮೊದಲು ಸಾಲಿನುದ್ದಕ್ಕೂ ಗೆರೆ ಎಳೆದು, ಬೋರಿನಿಂದ ಅಕ್ಷರಗಳನ್ನು ಅದಕ್ಕೆ ತೂಗುಹಾಕಿದಂತೆ ಬರೆಯುತ್ತಿದ್ದರು. ಪದಗಳ ನಡುವೆ ಬಿಡುವಿಲ್ಲ. ಇಸವಿಯನ್ನು ಅರಬ್ಬಿ ಸಂಖ್ಯಾಪದಗಳಲ್ಲಿ ಹೇಳುತ್ತಿದ್ದರು. 'ಸಬೈನ ಮಯಾ ವ ಅಲಫ' ಎಂದರೆ ಎಪ್ಪತ್ತು, ನೂರು ಮತ್ತು ಸಾವಿರ, ಅಂದರೆ 1170. ಇದಕ್ಕೆ 599 ಕೂಡಿಸಿದರೆ 1769ನೆಯ ಇಸವಿ. ಆ ವರ್ಷ ಆರಂಭವಾಗುತ್ತಿದ್ದುದು ಜೂನ್ ಮೊದಲ ವಾರದ ಮಿರಗ ಮಳೆಯೊಂದಿಗೆ. ಬಿತ್ತನೆಯೊಂದಿಗೇ ಹೊಸ ಲೆಕ್ಕ! ಪತ್ರದ ಕೊನೆಯಲ್ಲಿ 'ಹೆಚ್ಚೇನು ಬರೆಯಲಿ' ಎಂಬರ್ಥದ ಮಾತು, ಅದರ ಕೆಳಗೆ ಮುದ್ರೆ. ಬರಹ ಇಲ್ಲಿಗೆ ಮುಗಿಯಿತೆಂದು ತೋರಿಸಲು, ಆಮೇಲೆ ಯಾರೂ ಒಂದು ಸಾಲು ಸೇರಿಸದಿರಲೆಂದು ಆ ಮುದ್ರೆ.

ವತನದ ಹಕ್ಕಿಗಾಗಿ ಅಣ್ಣತಮ್ಮಂದಿರ ನಡುವೆ ತಕರಾರು ಎದ್ದರೆ ಊರಿನವರು ಕೂಡಿ ಸಾಕ್ಷಿ ಕೇಳಿ 'ಮಹಜರು' ಬರೆಸುತ್ತಿದ್ದರು. ಅಕ್ಷರ ಬಾರದವರು ತಮ್ಮ ಕಸುಬಿನ ಗುರುತು ಹಾಕುತ್ತಿದ್ದರು. ಒಕ್ಕಲಿಗನದು ನೇಗಿಲು, ವ್ಯಾಪಾರಿಯದು ತಕ್ಕಡಿ. ಇಂದು ನಾವು ಆಡುವ ಸನದು, ಕರಾರು, ಜಮಾ, ಬಾಕಿ, ವಸೂಲಿ, ಫಿರ್ಯಾದಿ, ರುಜುವಾತು, ದಫ್ತರ ಎಂಬ ಮಾತುಗಳು ಆ ಕಾಲದ ಕಚೇರಿಗಳಲ್ಲೂ ರೂಢಿಯಲ್ಲಿದ್ದವು.

ಒಂದು ಮಾತನ್ನು ಮರೆಯಬಾರದು. ಇವು ಒಡೆಯರ ಪತ್ರಗಳು. ಬಿಟ್ಟಿ ದುಡಿದವರು, ಹೊಲದಲ್ಲಿ ಬೆವರು ಸುರಿಸಿದ ಹೆಣ್ಣುಮಕ್ಕಳು ಇಲ್ಲಿ ತಾವಾಗಿ ಮಾತನಾಡುವುದು ಅಪರೂಪ. ಆದರೂ ಲೆಕ್ಕದ ಸಾಲುಗಳ ನಡುವೆ, ಮಹಜರಿನ ಗುರುತುಗಳಲ್ಲಿ ಅವರ ಸುಳಿವು ಸಿಗುತ್ತದೆ.

ಕಾಗದ ಉಳಿದರೆ ಭೂಮಿ ಉಳಿಯಿತು

1818ರಲ್ಲಿ ಪೇಶ್ವೆಯರ ಆಳಿಕೆ ಮುಗಿಯಿತು. ಪಟವರ್ಧನರ ಶೇಡಬಾಳ ಶಾಖೆಯೂ 1857ರಲ್ಲಿ ವಾರಸುದಾರರಿಲ್ಲದೆ ಕೊನೆಗೊಂಡಿತು. ಅದಕ್ಕೂ ಮೊದಲು, 1852ರ 11ನೆಯ ಕಾಯ್ದೆಯಂತೆ ಮುಂಬಯಿ ಸರಕಾರ ಇನಾಮು ಕಮಿಶನ್ನಿನ ಚೌಕಶಿಯನ್ನು ಬಿಗಿಗೊಳಿಸಿತು. ಇನಾಮು ಭೂಮಿ ಉಂಬಳಿಯಾಗಿ ಬಂದದ್ದೆಂಬುದಕ್ಕೆ ಸನದು ತೋರಿಸಿ ಎಂದು ಕೇಳಿತು. ತಲೆಮಾರುಗಳಿಂದ ಉಳುತ್ತ ಬಂದವರಲ್ಲಿ ಎಷ್ಟೋ ಜನರ ಬಳಿ ಕಾಗದವಿರಲಿಲ್ಲ. ಇತಿಹಾಸದ ಪುಸ್ತಕಗಳ ಪ್ರಕಾರ ಮುಂಬಯಿ ಪ್ರಾಂತದಲ್ಲಿ ಸುಮಾರು 20,000 ಇನಾಮುಗಳು ಜಪ್ತಿಯಾದವು. ನಮ್ಮ ಭಾಗದಲ್ಲಿ 1857-58ರ ಅಸಮಾಧಾನಕ್ಕೆ ಇದೂ ಒಂದು ಕಾರಣ. ಹಾಳೆಯೊಂದು ಇದ್ದುದಕ್ಕೆ ಒಬ್ಬನ ಹೊಲ ಉಳಿಯಿತು, ಗೆದ್ದಲು ಹಿಡಿದುದಕ್ಕೆ ಇನ್ನೊಬ್ಬನದು ಹೋಯಿತು.

ಸ್ವಾತಂತ್ರ್ಯದ ನಂತರ ಪರಗಣಾ ಮತ್ತು ಕುಲಕರ್ಣಿ ವತನಗಳು ಮುಂಬಯಿ ರಾಜ್ಯದ 1950ರ ಕಾಯ್ದೆಯಿಂದ ರದ್ದಾದವು. ವತನ ಹೋದ ಮೇಲೆ ಕಾಗದಕ್ಕೆ ಬೆಲೆ ಇಲ್ಲವೆನಿಸಿತು. ಶಾಲೆಯಲ್ಲಿ ಮೋಡಿ ಕಲಿಸುವುದೂ ನಿಂತಿತು. ಓದಲು ಬಾರದ ಗಂಟು ಒಲೆಗೂ ರದ್ದಿಗೂ ಹೋಗುವುದು ಸಹಜವೇ ಆಯಿತು.

ಒಬ್ಬ ಶಾಲಾ ಮಾಸ್ತರರ ಕೆಲಸ

ಪಟವರ್ಧನರ ಪತ್ರಗಳು ಇಂದು ನಮಗೆ ದೊರೆಯುವುದು ಮುಖ್ಯವಾಗಿ ಒಬ್ಬ ಹೈಸ್ಕೂಲು ಶಿಕ್ಷಕರಿಂದ. ಪಕ್ಕದ ಮಿರಜದ ಹೈಸ್ಕೂಲಿನಲ್ಲಿ ಸಂಸ್ಕೃತ ಕಲಿಸುತ್ತಿದ್ದ ವಾಸುದೇವ ವಾಮನ ಖರೆ (1858-1924) ಅವರು ಆ ಮನೆತನದ ಪತ್ರಗಳನ್ನು ಓದಿ, ನಕಲು ಮಾಡಿ, ಕ್ರಮವಾಗಿ ಜೋಡಿಸಿ 'ಐತಿಹಾಸಿಕ ಲೇಖ ಸಂಗ್ರಹ' ಎಂಬ ಹೆಸರಿನಿಂದ ಹಲವು ಸಂಪುಟಗಳಲ್ಲಿ ಪ್ರಕಟಿಸಿದರು. ಪಾಠ ಮಾಡುತ್ತಲೇ ಹೊತ್ತ ಹೊಣೆ ಅದು.

ನಮ್ಮ ಶಾಲೆಯ ಸುವರ್ಣ ಮಹೋತ್ಸವದ ಈ ಹೊತ್ತಿನಲ್ಲಿ ಹಳೆಯ ವಿದ್ಯಾರ್ಥಿಗಳಲ್ಲಿ, ಊರಿನ ಹಿರಿಯರಲ್ಲಿ ಒಂದು ವಿನಂತಿ. ಮನೆಯ ಅಟ್ಟದಲ್ಲಿ ರುಮಾಲು ಇದ್ದರೆ ಸುಡಬೇಡಿ, ರದ್ದಿಗೆ ಹಾಕಬೇಡಿ. ಹರಿದ ಹಾಳೆಗೆ ಅಂಟುಪಟ್ಟಿ ಹಚ್ಚಬೇಡಿ, ಲ್ಯಾಮಿನೇಶನ್ ಮಾಡಿಸಬೇಡಿ. ಒಣ ಜಾಗದಲ್ಲಿ ಹತ್ತಿ ಬಟ್ಟೆಯಲ್ಲಿ ಕಟ್ಟಿಡಿ. ಮೂಲ ಕಾಗದ ನಿಮ್ಮಲ್ಲೇ ಇರಲಿ, ಮೊಬೈಲಿನಲ್ಲಿ ತೆಗೆದ ಒಂದೊಂದು ಫೋಟೋ ಶಾಲೆಗೆ ಬರಲಿ. ಮರಾಠಿ ಬಲ್ಲ ಮಕ್ಕಳು ನಮ್ಮ ಗಡಿಭಾಗದಲ್ಲಿ ಬೇಕಾದಷ್ಟಿದ್ದಾರೆ. ಅವರಿಗೆ ಮೋಡಿ ಕಲಿಸಿದರೆ ನಮ್ಮ ಊರಿನ ಇತಿಹಾಸವನ್ನು ನಮ್ಮ ಮಕ್ಕಳೇ ಓದಿಯಾರು.