ಫಸಲಿ ಪಟ್ಟಿಯಿಂದ ಮಿಂಚಂಚೆಯ ನೋಟೀಸಿನವರೆಗೆ

ಮಹಬೂಬನಗರದಿಂದ ರಾಯಚೂರಿಗೆ ಹೋಗುವ ಹೆದ್ದಾರಿಯಲ್ಲಿ ದೇವರಕದ್ರ, ಮರಿಕಲ್, ಮಕ್ತಲ್, ಕೃಷ್ಣಾ ಎಂದು ಊರುಗಳು ಸಾಲಾಗಿ ಬರುತ್ತವೆ. ಮುಂದೆ ಹೋದಷ್ಟೂ ಕಿವಿಗೆ ಬೀಳುವ ಕನ್ನಡ ಹೆಚ್ಚುತ್ತದೆ. 1956ರ ನವೆಂಬರ್ 1ರಂದು ರಾಯಚೂರು ಮೈಸೂರು ರಾಜ್ಯಕ್ಕೆ ಸೇರಿತು. ಅದೇ ಜಿಲ್ಲೆಯಲ್ಲಿದ್ದ ಗದ್ವಾಲ ಮತ್ತು ಆಲಂಪುರ ತಾಲ್ಲೂಕುಗಳು ಆಂಧ್ರಪ್ರದೇಶದ ಪಾಲಾದವು. ಈ ಸೀಮೆಯಲ್ಲಿ ತೆರಿಗೆ ಕೇಳುವವರು ಹಲವು ಬಾರಿ ಬದಲಾಗಿದ್ದಾರೆ. ಕೇಳುವ ಕಾಗದ ಮಾತ್ರ ಕೊಡುವವನ ಮನೆಮಾತಿನಲ್ಲಿ ಬಂದದ್ದು ಅಪರೂಪ.

ನಿಜಾಮರ ಆಳ್ವಿಕೆಯಲ್ಲಿ ಮೊದಲು ಕಂದಾಯ ವಸೂಲಿಯನ್ನು ಗುತ್ತಿಗೆಗೆ ಕೊಡುತ್ತಿದ್ದರು. ಗುತ್ತಿಗೆದಾರನು ಸರ್ಕಾರಕ್ಕೆ ಕಟ್ಟಿದ್ದಕ್ಕಿಂತ ಹೆಚ್ಚನ್ನು ರೈತನಿಂದ ಕೀಳದೆ ಬಿಡುತ್ತಿರಲಿಲ್ಲ. 1853ರಲ್ಲಿ ದಿವಾನರಾದ ಮೊದಲನೆಯ ಸಾಲಾರ್ ಜಂಗರು ಇದನ್ನು ಹಂತಹಂತವಾಗಿ ತೊಡೆದು, 1865ರಲ್ಲಿ ಜಿಲ್ಲಾಬಂದಿ ಏರ್ಪಡಿಸಿ, ಸಂಬಳದ ಅಧಿಕಾರಿಗಳನ್ನು ನೇಮಿಸಿದರು. ನಿಜವಾಗಿಯೂ ದೊಡ್ಡ ಉಪಕಾರ. ಆದರೆ ಕಚೇರಿಯ ಭಾಷೆ ಆಗ ಪಾರ್ಸಿ. 1880ರ ದಶಕದಲ್ಲಿ ಉರ್ದು. ವರ್ಷದ ಲೆಕ್ಕ ಫಸಲಿಯಲ್ಲಿ, ಹಣ ಹಾಲಿ ಸಿಕ್ಕಾದಲ್ಲಿ. ಬ್ರಿಟಿಷರ 6 ರೂಪಾಯಿಗೆ ಹಾಲಿಯ 7 ರೂಪಾಯಿ ಸಮ. ನಾರಾಯಣಪೇಟೆಯ ಸೀರೆ ಗಡಿ ದಾಟಬೇಕಾದರೆ ಕರೋಡಗಿರಿ ಇಲಾಖೆಯ ಸುಂಕದ ಕಟ್ಟೆಯೂ ಇತ್ತು. ಓದಲು ಬಾರದ ಪಟ್ಟಿಯನ್ನು ಪಟವಾರಿ ಓದಿ ಹೇಳಿದಷ್ಟೇ ಸತ್ಯ.

ಆದಾಯ ತೆರಿಗೆಯು ಬ್ರಿಟಿಷ್ ಇಂಡಿಯಾಕ್ಕೆ ಬಂದದ್ದು 1860ರಲ್ಲಿ. 1857ರ ಬಂಡಾಯದ ಖರ್ಚು ತುಂಬಲು ಜೇಮ್ಸ್ ವಿಲ್ಸನ್ ಅದನ್ನು ತಂದರು. ವರ್ಷಕ್ಕೆ 200 ರೂಪಾಯಿ ಗಳಿಸುವವನೂ ಅದರ ಬಲೆಗೆ ಬಿದ್ದ. ಮದ್ರಾಸಿನ ಗವರ್ನರ್ ಟ್ರೆವೆಲ್ಯಾನ್ ಬಹಿರಂಗವಾಗಿ ವಿರೋಧಿಸಿ ಹುದ್ದೆ ಕಳೆದುಕೊಂಡರು. ಅಧಿಕಾರದಲ್ಲಿದ್ದವನೇ ತೆರಿಗೆಯ ವಿರುದ್ಧ ಬರೆದ ಇಂಥ ಉದಾಹರಣೆ ಹೆಚ್ಚಿಲ್ಲ. ನಿಜಾಮರ ಪ್ರಜೆಗಳಿಗೆ ಈ ಕಾಟ ಬಹುಕಾಲ ತಟ್ಟಲಿಲ್ಲ. ಹೈದರಾಬಾದ್ ಆದಾಯ ತೆರಿಗೆ ಕಾಯಿದೆಯು ಫಸಲಿ 1357ರದು, ಎಂದರೆ 1947-48ರ ಸುಮಾರಿನದು. 1950ರ ಏಪ್ರಿಲ್ 1ರಿಂದ ಭಾರತದ 1922ರ ಕಾಯಿದೆಯೇ ಇಲ್ಲಿಗೂ ಅನ್ವಯವಾಯಿತು. 1961ರ ಕಾಯಿದೆ ಆಮೇಲಿನದು.

ಶಾಲಾ ಮಾಸ್ತರನ ತೆರಿಗೆ ಸಂಬಳ ಕೈಗೆ ಬರುವ ಮುನ್ನವೇ ಕಡಿತವಾಗುತ್ತದೆ. ಅವನು ಮುಚ್ಚಿಡಲು ಏನೂ ಇಲ್ಲ. ಆದರೂ ನೋಟೀಸು ಬಂದರೆ ನಿದ್ದೆ ಕೆಡುವುದು ಅವನದೇ. ನಮ್ಮ ನಿವೃತ್ತ ಬಂಧುಗಳನ್ನು ಹೆಚ್ಚಾಗಿ ಕಾಡಿರುವುದು ವೇತನ ಪರಿಷ್ಕರಣೆಯ ಬಾಕಿ ಹಣದ ವಿಷಯ. ಅದನ್ನು ಇಲ್ಲಿ ಬಿಡಿಸಿ ಹೇಳುವುದು ಅಗತ್ಯ.

ಒಬ್ಬ ಹಿರಿಯ ನಾಗರಿಕರ ತೆರಿಗೆಗೆ ಒಳಪಡುವ ಆದಾಯ 4,80,000 ರೂಪಾಯಿ ಎಂದಿಟ್ಟುಕೊಳ್ಳೋಣ. ಹಳೆಯ ಪದ್ಧತಿಯಲ್ಲಿ 2019-20ರಿಂದ 5 ಲಕ್ಷದವರೆಗೆ ರಿಯಾಯಿತಿಯುಂಟು. ಆದ್ದರಿಂದ ತೆರಿಗೆ ಸೊನ್ನೆ. ಹಿಂದಿನ ಮೂರು ವರ್ಷಗಳ ಬಾಕಿ 1,20,000 ಒಮ್ಮೆಲೇ ಬಂದರೆ ಆದಾಯ 6 ಲಕ್ಷವಾಗಿ, ಸೆಸ್ ಸೇರಿ 31,200 ರೂಪಾಯಿ ತೆರಿಗೆ ಬೀಳುತ್ತದೆ. ಅದೇ ಹಣ ಆಯಾ ವರ್ಷ ಕೈಸೇರಿದ್ದರೆ, ಆಗಲೂ ಆದಾಯ 5 ಲಕ್ಷ ಮೀರದಿದ್ದಲ್ಲಿ, ಒಂದು ಪೈಸೆಯೂ ಇರುತ್ತಿರಲಿಲ್ಲ. ತಡಮಾಡಿದ್ದು ಸರ್ಕಾರ, ದಂಡ ತೆರುವವನು ಮಾಸ್ತರ! ಈ ಅನ್ಯಾಯವನ್ನು ಸರಿಪಡಿಸಲೆಂದೇ 1961ರ ಕಾಯಿದೆಯಲ್ಲಿ 89ನೆಯ ಕಲಮು ಇದೆ. ಆದರೆ ಅದರ ಫಲ ಸಿಗಬೇಕಾದರೆ 10ಇ ನಮೂನೆಯನ್ನು ಜಾಲತಾಣದಲ್ಲಿ ಮೊದಲೇ ತುಂಬಬೇಕು. ರಿಟರ್ನಿನಲ್ಲಿ ಪರಿಹಾರ ಕೇಳಿ ನಮೂನೆ ಮರೆತರೆ ಗಣಕಯಂತ್ರವು ಪರಿಹಾರವನ್ನು ತಳ್ಳಿಹಾಕಿ ಬಾಕಿ ತೋರಿಸುತ್ತದೆ. ಆಕ್ಷೇಪಿಸಲು 30 ದಿನ. ರಿಟರ್ನನ್ನು ಪೇಟೆಯ ಅಂಗಡಿಯಲ್ಲಿ ತುಂಬಿಸಿದ್ದರೆ ಮಿಂಚಂಚೆಯ ವಿಳಾಸವೂ ಎಷ್ಟೋ ಸಲ ಅಂಗಡಿಯವನದೇ ಆಗಿರುತ್ತದೆ. ಮೂವತ್ತು ದಿನ ಕಳೆದದ್ದು ಮನೆಯಲ್ಲಿ ಯಾರಿಗೂ ತಿಳಿಯುವುದಿಲ್ಲ. ಮುಂದಿನ ವರ್ಷ ಬರಬೇಕಾದ ಮರುಪಾವತಿ ಹಳೆಯ ಬಾಕಿಗೆ ವಜಾ ಆದಾಗಲೇ ಎಚ್ಚರ. ದೇಶದ ರಿಟರ್ನುಗಳನ್ನೆಲ್ಲ ಪರಿಶೀಲಿಸುವ ಕೇಂದ್ರವಿರುವುದು ಬೆಂಗಳೂರಿನಲ್ಲಿ ಎಂಬುದು ಕನ್ನಡಿಗರಿಗೆ ಹೆಮ್ಮೆಯೇ. ಪತ್ರ ಬರುವುದು ಮಾತ್ರ ಇಂಗ್ಲಿಷಿನಲ್ಲಿ.

ಪ್ರಜೆಯ ಪರವಾದ ನಿಯಮಗಳೂ ಬಂದಿವೆ. 2019ರ ಅಕ್ಟೋಬರ್ 1ರಿಂದ ಇಲಾಖೆಯ ಪತ್ರಗಳ ಮೇಲೆ ಗುರುತಿನ ಸಂಖ್ಯೆ ಇರಬೇಕು. ಅದನ್ನು ಜಾಲತಾಣದಲ್ಲಿ ತಾಳೆ ನೋಡಿದರೆ ನೋಟೀಸು ಅಸಲೋ ನಕಲಿಯೋ ತಿಳಿಯುತ್ತದೆ. ಮೋಸಗಾರರ ಸಂದೇಶಗಳು ಹೆಚ್ಚಿರುವ ಈ ಕಾಲದಲ್ಲಿ ಹಿರಿಯರು ಹಣ ಕಟ್ಟುವ ಮುನ್ನ ಮೊಮ್ಮಕ್ಕಳಿಂದ ಇಷ್ಟು ಕೆಲಸ ಮಾಡಿಸಿಕೊಳ್ಳಬೇಕು. 2025ರ ಹೊಸ ಕಾಯಿದೆಯು 2026ರ ಏಪ್ರಿಲ್ 1ರಿಂದ ಜಾರಿ ಎಂದು ಗೊತ್ತಾಗಿದ್ದು, ಬಾಯಿಪಾಠವಾಗಿದ್ದ ಕಲಮುಗಳ ಸಂಖ್ಯೆಗಳನ್ನು ಮತ್ತೆ ಕಲಿಯಬೇಕಾಗಿದೆ.

2024ರ ಫೆಬ್ರವರಿ 1ರ ಮುಂಗಡಪತ್ರ ಭಾಷಣದಲ್ಲಿ ಅರ್ಥಸಚಿವೆ ನಿರ್ಮಲಾ ಸೀತಾರಾಮನ್ ಅವರು, 1962ರಷ್ಟು ಹಳೆಯ ಸಣ್ಣಪುಟ್ಟ ಬಾಕಿಗಳು ಇನ್ನೂ ಪುಸ್ತಕದಲ್ಲಿದ್ದು ಪ್ರಾಮಾಣಿಕರಿಗೆ ಕಳವಳ ತಂದಿವೆ ಎಂದು ಒಪ್ಪಿಕೊಂಡರು. 2009-10ರವರೆಗಿನ 25,000 ರೂಪಾಯಿವರೆಗಿನ ಬಾಕಿಗಳನ್ನೂ, 2010-11ರಿಂದ 2014-15ರವರೆಗಿನ 10,000 ರೂಪಾಯಿವರೆಗಿನ ಬಾಕಿಗಳನ್ನೂ ಕೈಬಿಡುವುದಾಗಿ ಸಾರಿದರು. ಸುಮಾರು ಒಂದು ಕೋಟಿ ಜನರಿಗೆ ಇದರಿಂದ ಅನುಕೂಲವೆಂದು ಅಂದಾಜು. ಆದರೆ ಈ ಮನ್ನಾ ಅನ್ವಯಿಸಿದ್ದು 2024ರ ಜನವರಿ 31ರಂದು ಉಳಿದಿದ್ದ ಬಾಕಿಗೆ ಮಾತ್ರ. ನೋಟೀಸಿಗೆ ಹೆದರಿ ಮೊದಲೇ ಕಟ್ಟಿದ್ದವರಿಗೆ ಏನೂ ಹಿಂತಿರುಗಲಿಲ್ಲ.