ಗಾಲಿಯ ಮೇಲಿನ ಮಲಗುವ ಕೋಣೆ

ಮನುಷ್ಯ ತಂಪನ್ನು ಮಾಡುವ ವಿದ್ಯೆಯನ್ನು ಬೇಗ ಕಲಿತ. ಮಾಡಿದ ತಂಪನ್ನು ಮಲಗಿರುವವನ ಹಾಸಿಗೆಯವರೆಗೆ ಕೊಂಡೊಯ್ಯುವುದನ್ನು ಮಾತ್ರ ಬಹಳ ತಡವಾಗಿ ಕಲಿತ. ಹವಾನಿಯಂತ್ರಣದ ಚರಿತ್ರೆ ಎಂದರೆ ಯಂತ್ರದ ಚರಿತ್ರೆಯೆಂದೇ ನಾವು ತಿಳಿಯುವುದು ವಾಡಿಕೆ. ಗಾಳಿಯ ದಾರಿಗೂ ಒಂದು ಚರಿತ್ರೆ ಉಂಟು. ಆ ಚರಿತ್ರೆ ಅತ್ಯಂತ ಸ್ಪಷ್ಟವಾಗಿ ಕಾಣುವುದು ದೊಡ್ಡ ಸೌಧಗಳಲ್ಲಲ್ಲ. ಅಮೆರಿಕದ ಜನ ಮೋಟಾರಿನ ಹಿಂದೆ ಕಟ್ಟಿಕೊಂಡು ಊರೂರು ತಿರುಗುವ ಗಾಲಿಮನೆಯಲ್ಲಿ. ಅವರು ಅದನ್ನು ಟ್ರೇಲರ್ ಎನ್ನುತ್ತಾರೆ. ಇಪ್ಪತ್ತೈದು ಮೂವತ್ತು ಅಡಿ ಉದ್ದದ ಡಬ್ಬ. ಅಡಿಗೆ, ಊಟ, ಸ್ನಾನ, ನಿದ್ದೆ ಎಲ್ಲವೂ ಅದರೊಳಗೇ. ಕನ್ನಡ ಪಾಠ ಹೇಳುವವನಿಗೆ ಇದರ ಗೊಡವೆ ಏಕೆ ಬಂತೆಂದು ಓದುಗರು ಕೇಳಬಹುದು. ಅದನ್ನು ಮುಂದೆ ಹೇಳುತ್ತೇನೆ.

1881ರ ಜುಲೈ 2ರಂದು ಅಮೆರಿಕದ ಅಧ್ಯಕ್ಷ ಜೇಮ್ಸ್ ಗಾರ್ಫೀಲ್ಡ್ ವಾಷಿಂಗ್ಟನ್ನಿನ ರೈಲು ನಿಲ್ದಾಣದಲ್ಲಿ ಗುಂಡಿಗೆ ಗುರಿಯಾದ. ಅವನನ್ನು ಶ್ವೇತಭವನದ ಮಲಗುವ ಕೋಣೆಗೆ ತಂದರು. ವಾಷಿಂಗ್ಟನ್ನಿನ ಬೇಸಗೆ ನಮ್ಮ ಕರಾವಳಿಯ ಬೇಸಗೆಯ ಹಾಗೆ ಬೆವರಿನದು. ಗಾಯಾಳುವಿಗೆ ಸ್ವಲ್ಪ ಹಿತವಾಗಲೆಂದು ನೌಕಾಪಡೆಯ ಎಂಜಿನಿಯರುಗಳು ಒಂದು ಉಪಾಯ ಹೂಡಿದರು. ಒಂದು ಪೆಟ್ಟಿಗೆಯಲ್ಲಿ ಸಾಲು ಸಾಲಾಗಿ ಬಟ್ಟೆಗಳನ್ನು ತೂಗುಬಿಟ್ಟು, ಮಂಜುಗಡ್ಡೆ ಕರಗಿದ ನೀರಿನಿಂದ ಅವನ್ನು ನೆನೆಸಿ, ಅವುಗಳ ನಡುವೆ ಗಾಳಿಯನ್ನು ನೂಕಿ, ಆ ಗಾಳಿಯನ್ನು ಕೊಳವೆಯ ಮೂಲಕ ಕೋಣೆಗೆ ಹರಿಸಿದರು. ಕೋಣೆಯ ಉಷ್ಣತೆ ಫ್ಯಾರನ್‌ಹೀಟ್ ಮಾನದಲ್ಲಿ ಸುಮಾರು 20 ಡಿಗ್ರಿ ಇಳಿಯಿತು. ಸುಮಾರು ಎರಡು ತಿಂಗಳಲ್ಲಿ ಕರಗಿದ ಮಂಜುಗಡ್ಡೆ ಐದು ಲಕ್ಷ ಪೌಂಡಿಗೂ ಮಿಕ್ಕದ್ದು. ಸೆಪ್ಟೆಂಬರ್ 19ರಂದು ಗಾರ್ಫೀಲ್ಡ್ ತೀರಿಕೊಂಡ. ತಂಪು ಅವನನ್ನು ಉಳಿಸಲಿಲ್ಲ, ನಿಜ. ಆದರೆ ಯಂತ್ರಬಲದಿಂದ ಒಬ್ಬ ಮನುಷ್ಯನ ಮಲಗುವ ಕೋಣೆಯನ್ನು ತಂಪಾಗಿಟ್ಟ ಮೊದಮೊದಲ ಪ್ರಯತ್ನಗಳಲ್ಲಿ ಅದು ಒಂದು.

ಇಲ್ಲಿ ಸಣ್ಣದೊಂದು ಲೆಕ್ಕ ಮಾಡಬಹುದು. ಇಂದಿಗೂ ತಂಪಿನ ಯಂತ್ರದ ಶಕ್ತಿಯನ್ನು ‘ಟನ್ನು’ಗಳಲ್ಲಿ ಹೇಳುತ್ತಾರಷ್ಟೆ. ಒಂದು ಟನ್ನಿನ ಯಂತ್ರ ಎಂದು ಅಂಗಡಿಯಲ್ಲಿ ಕೇಳುವ ನಮ್ಮಲ್ಲಿ ಅನೇಕರು ಅದು ಯಂತ್ರದ ತೂಕವೆಂದು ತಿಳಿದಿರುವುದುಂಟು. ಅದು ಮಂಜುಗಡ್ಡೆಯ ತೂಕ. ಎರಡು ಸಾವಿರ ಪೌಂಡು ಮಂಜುಗಡ್ಡೆ ಒಂದು ಹಗಲು ಒಂದು ರಾತ್ರಿಯಲ್ಲಿ ಕರಗಿದರೆ ಎಷ್ಟು ತಂಪಾದೀತೋ ಅಷ್ಟು. ಅದೇ ಗಂಟೆಗೆ 12,000 ಬಿ.ಟಿ.ಯು. ಮಂಜುಗಡ್ಡೆಯ ವ್ಯಾಪಾರ ಹೋದರೂ ಅದರ ತಕ್ಕಡಿ ಮಾತಿನಲ್ಲಿ ಉಳಿದುಕೊಂಡಿದೆ. ಈ ತಕ್ಕಡಿಯಲ್ಲಿ ತೂಗಿದರೆ ಗಾರ್ಫೀಲ್ಡನ ಒಂದು ಕೋಣೆಗೆ ದಿನಕ್ಕೆ ನಾಲ್ಕು ಟನ್ನಿಗೂ ಹೆಚ್ಚು ತಂಪು ವೆಚ್ಚವಾಯಿತು. ಇಂದಿನ ಒಂದು ಸಾಧಾರಣ ಟ್ರೇಲರಿನ ತಲೆಯ ಮೇಲೆ ಕೂರುವ ಯಂತ್ರ 13,500 ಬಿ.ಟಿ.ಯು.ನದು, ಎಂದರೆ ಒಂದು ಟನ್ನಿಗೆ ತುಸು ಹೆಚ್ಚು. ಅಧ್ಯಕ್ಷನ ಕೋಣೆ ದೊಡ್ಡದು, ಒಪ್ಪೋಣ. ಆದರೂ ಅಷ್ಟು ತಂಪಿನಲ್ಲಿ ಹಾಸಿಗೆ ಮುಟ್ಟಿದ್ದು ಎಷ್ಟು, ದಾರಿಯ ಪಾಲಾದದ್ದು ಎಷ್ಟು ಎಂಬ ಪ್ರಶ್ನೆ ಏಳದೆ ಇರದು.

1902ರಲ್ಲಿ ವಿಲಿಸ್ ಕ್ಯಾರಿಯರ್ ಎಂಬ ತರುಣ ಎಂಜಿನಿಯರು ಬ್ರೂಕ್ಲಿನ್ನಿನ ಒಂದು ಮುದ್ರಣಾಲಯಕ್ಕೆ ಹವಾನಿಯಂತ್ರಣದ ಏರ್ಪಾಟನ್ನು ರಚಿಸಿದ ಸಂಗತಿ ಪ್ರಸಿದ್ಧವಾದದ್ದು. ಅದು ಮನುಷ್ಯನ ನಿದ್ದೆಗಾಗಿ ಆದದ್ದಲ್ಲ. ತೇವಕ್ಕೆ ಕಾಗದ ಹಿಗ್ಗಿ ಕುಗ್ಗಿ ಬಣ್ಣಗಳು ಒಂದರ ಮೇಲೊಂದು ಸರಿಯಾಗಿ ಕೂರುತ್ತಿರಲಿಲ್ಲವೆಂದು ಆದದ್ದು. ಕಾಗದಕ್ಕೆ ಮೊದಲು ಸಿಕ್ಕಿದ ಸುಖ ಪ್ರಯಾಣಿಕನಿಗೆ ಸಿಕ್ಕಲು ಇನ್ನೂ ಇಪ್ಪತ್ತೆಂಟು ವರ್ಷ ಬೇಕಾಯಿತು. 1930ರಲ್ಲಿ ಬಾಲ್ಟಿಮೋರ್ ಅಂಡ್ ಓಹಾಯೊ ರೈಲ್ವೆಯವರು ‘ಮಾರ್ತಾ ವಾಷಿಂಗ್ಟನ್’ ಎಂಬ ಊಟದ ಗಾಡಿಯನ್ನೂ, 1931ರಲ್ಲಿ ‘ಕೊಲಂಬಿಯನ್’ ಎಂಬ ಇಡೀ ರೈಲನ್ನೂ ಹವಾನಿಯಂತ್ರಿತವಾಗಿ ಓಡಿಸಿದರು.

ಅದಕ್ಕೆ ಮುಂಚೆ ರೈಲಿನಲ್ಲಿ ಮಲಗುವವನ ಪಾಡೇನು? ಹಳೆಯ ಗಾಡಿಗಳ ಮಾಡಿನ ನಡುಭಾಗವನ್ನು ಎತ್ತರಿಸಿ ಅದರ ಎರಡು ಪಕ್ಕದಲ್ಲೂ ಸಣ್ಣ ಸಣ್ಣ ಗಾಳಿಕಿಂಡಿಗಳನ್ನು ಇಡುತ್ತಿದ್ದರು. ಗಾಡಿ ಓಡಿದಾಗ ಬಿಸಿಗಾಳಿ ಆ ಕಿಂಡಿಗಳಿಂದ ಹೊರಗೆ ಹೋಗುತ್ತಿತ್ತು. ನಮ್ಮ ಹಳೆಯ ಮನೆಗಳ ಗವಾಕ್ಷಿಯ ಕೆಲಸವೇ ಅದು. ಗಾಡಿ ನಿಂತರೆ ಗಾಳಿಯೂ ನಿಂತಿತು. ಓಡಿದರೆ ಎಂಜಿನ್ನಿನ ಹೊಗೆಯೂ ಕಿಡಿಯೂ ಒಳಗೆ. ಹವಾನಿಯಂತ್ರಣ ಬಂದ ಮೇಲೆ ಕಿಟಕಿ ಮುಚ್ಚಿತು, ಮಸಿ ತಪ್ಪಿತು. ಆದರೆ ಬೇರೊಂದು ತೊಡಕು ತಲೆಯೆತ್ತಿತು. ಪುಲ್‌ಮನ್ ಗಾಡಿಯಲ್ಲಿ ರಾತ್ರಿ ಮೇಲೊಂದು ಕೆಳಗೊಂದು ಹಾಸಿಗೆ ಬಿಚ್ಚಿ, ನಡುವಣ ಓಣಿಯ ಕಡೆಗೆ ದಪ್ಪನೆಯ ಪರದೆ ಎಳೆಯುತ್ತಿದ್ದರು. ತಂಪುಗಾಳಿ ಬರುವುದು ಮಾಡಿನ ಉದ್ದಕ್ಕೂ ಹಾಕಿದ ಕೊಳವೆಯಿಂದ. ಮಲಗುವವನು ಇರುವುದು ಪರದೆಯ ಹಿಂದೆ. ಮಲಗುವವನಿಗೆ ಮರೆ ಬೇಕು. ಗಾಳಿಗೆ ಮರೆ ಆಗದು. 1937ರಲ್ಲಿ ಪುಲ್‌ಮನ್ ಕಂಪನಿ ಒಬ್ಬೊಬ್ಬರಿಗೆ ಒಂದೊಂದು ಪುಟ್ಟ ಕೋಣೆಯ ಗಾಡಿಗಳನ್ನು ತಂದಿತು. ಆಮೇಲೆ ಪ್ರತಿಯೊಂದು ಕೋಣೆಗೂ ಗಾಳಿಯ ದಾರಿಯನ್ನು ಬೇರೆಯಾಗಿ ಯೋಚಿಸಲೇಬೇಕಾಯಿತು.

ನಮ್ಮ ದೇಶದಲ್ಲಿಯೂ ಇದೇ ಕಾಲಕ್ಕೆ ಒಂದು ಪ್ರಯೋಗ ನಡೆಯಿತು. ಮುಂಬಯಿಯಿಂದ ದಿಲ್ಲಿ, ಲಾಹೋರುಗಳ ಮೇಲೆ ಪೇಶಾವರಕ್ಕೆ ಹೋಗುತ್ತಿದ್ದ ಫ್ರಾಂಟಿಯರ್ ಮೇಲ್ 1928ರಲ್ಲಿ ಆರಂಭವಾದದ್ದು. 1934ರಲ್ಲಿ ಅದರ ಮೇಲಿನ ದರ್ಜೆಯ ಗಾಡಿಗಳಿಗೆ ತಂಪಿನ ಏರ್ಪಾಟಾಯಿತು. ಗಾಡಿಯ ಅಡಿಯಲ್ಲಿ ಪೆಟ್ಟಿಗೆ, ಪೆಟ್ಟಿಗೆಯಲ್ಲಿ ಮಂಜುಗಡ್ಡೆಯ ಕಲ್ಲುಗಳು, ಅವುಗಳ ಮೇಲೆ ಹಾಯ್ದ ಗಾಳಿಯನ್ನು ಒಳಗೆ ನೂಕಲು ಬ್ಯಾಟರಿಯ ಬೀಸಣಿಗೆ. ಗೊತ್ತಾದ ನಿಲ್ದಾಣಗಳಲ್ಲಿ ಕರಗಿದ ನೀರನ್ನು ಬಿಟ್ಟು ಹೊಸ ಮಂಜುಗಡ್ಡೆ ತುಂಬಬೇಕು. ಒಳಗೆ ಸಾಹೇಬರು ತಂಪಾಗಿ ನಿದ್ರಿಸುವಾಗ ಹೊರಗೆ ನಡುರಾತ್ರಿಯ ಬಿಸಿಯಲ್ಲಿ ಆ ಕಲ್ಲುಗಳನ್ನು ಹೊತ್ತವರ ಹೆಸರು ಯಾವ ಪುಸ್ತಕದಲ್ಲಿಯೂ ಇರಲಾರದು. ಉಳಿದ ದರ್ಜೆಗಳಿಗೆ ಮಣ್ಣಿನ ಹೂಜಿಯೇ ಗತಿ. 1996ರಲ್ಲಿ ಆ ರೈಲಿಗೆ ಗೋಲ್ಡನ್ ಟೆಂಪಲ್ ಮೇಲ್ ಎಂದು ಹೆಸರಾಯಿತು.

ಇನ್ನು ಟ್ರೇಲರಿನ ಮಾತು. 1929ರಲ್ಲಿ ಡೆಟ್ರಾಯಿಟಿನ ಆರ್ಥರ್ ಶೆರ್ಮನ್ ಎಂಬಾತ, ಕಸುಬಿನಿಂದ ರೋಗಾಣುಶಾಸ್ತ್ರಜ್ಞ, ಸಂಸಾರಸಮೇತ ಹೊರಡಲೆಂದು ಐದು ನಿಮಿಷದಲ್ಲಿ ಬಿಚ್ಚಬಹುದೆಂದು ಹೆಸರಾದ ಒಂದು ಗುಡಾರದ ಗಾಡಿಯನ್ನು ಕೊಂಡ. ಮೊದಲ ರಾತ್ರಿಯೇ ಮಳೆ ಬಂತು. ಗುಡಾರ ಐದು ನಿಮಿಷದಲ್ಲಿ ಬಿಚ್ಚಲಿಲ್ಲ, ಎಲ್ಲರೂ ತೊಯ್ದರು. ಊರಿಗೆ ಬಂದವನೇ ಅವನು ಗಟ್ಟಿ ಗೋಡೆಗಳ ಪೆಟ್ಟಿಗೆಯೊಂದನ್ನು ಮಾಡಿಸಿದ. ಮಕ್ಕಳು ಅದಕ್ಕೆ ‘ಮುಚ್ಚುಬಂಡಿ’ ಎಂಬ ಅರ್ಥ ಬರುವ ಹೆಸರಿಟ್ಟರು. ಕೆಲವೇ ವರ್ಷಗಳಲ್ಲಿ ಶೆರ್ಮನ್ ದೇಶದ ಬಹು ದೊಡ್ಡ ಟ್ರೇಲರ್ ತಯಾರಕನಾದ. ಗಮನಿಸಿ: ಮಳೆಯನ್ನು ಹೊರಗಿಟ್ಟ ಗೋಡೆ ಗಾಳಿಯನ್ನೂ ಹೊರಗಿಟ್ಟಿತು. ಗುಡಾರದ ಬಟ್ಟೆಗೆ ಈ ಕಷ್ಟವಿರಲಿಲ್ಲ.

1936ರಲ್ಲಿ ವಾಲಿ ಬಯಮ್ ‘ಏರ್‌ಸ್ಟ್ರೀಮ್ ಕ್ಲಿಪ್ಪರ್’ ಎಂಬ ಅಲ್ಯುಮಿನಿಯಮ್ ಟ್ರೇಲರನ್ನು ಮಾರಾಟಕ್ಕೆ ತಂದ. ಬೆಲೆ 1,200 ಡಾಲರು. ಅದರಲ್ಲಿ ಒಣ ಮಂಜುಗಡ್ಡೆಯಿಂದ ತಂಪು ಮಾಡುವ ಏರ್ಪಾಟೂ ಇತ್ತು. ಒಣ ಮಂಜುಗಡ್ಡೆ ಎಂದರೆ ಗಟ್ಟಿಯಾದ ಇಂಗಾಲದ ಡೈಆಕ್ಸೈಡ್. ಸೊನ್ನೆಗಿಂತ 78 ಡಿಗ್ರಿ ಸೆಲ್ಸಿಯಸ್ ಕೆಳಗಿನ ಚಳಿ ಅದರದು. ಅದು ನೀರಾಗದೆ ನೇರವಾಗಿ ಅನಿಲವಾಗುತ್ತದೆ. ಆ ಅನಿಲ ಮುಚ್ಚಿದ ಕೋಣೆಯಲ್ಲಿ ತುಂಬಿದರೆ ಮಲಗಿದವನು ಏಳುವ ಭರವಸೆಯಿಲ್ಲ. ತಂಪಿಗೆ ಒಳದಾರಿ ಎಷ್ಟು ಮುಖ್ಯವೋ ಹೊರದಾರಿಯೂ ಅಷ್ಟೇ ಮುಖ್ಯ ಎಂಬುದನ್ನು ಇದಕ್ಕಿಂತ ಖಚಿತವಾಗಿ ಕಲಿಸುವ ವಸ್ತು ಮತ್ತೊಂದಿಲ್ಲ. ಇದೇ ಕಾಲದಲ್ಲಿ, ಮರುಭೂಮಿ ದಾಟುವ ಮೋಟಾರುಗಳ ಕಿಟಕಿಗೆ ನೀರು ತುಂಬಿದ ಒಂದು ಉರುಳೆಯನ್ನು ತೂಗುಹಾಕುವ ರೂಢಿಯೂ ಬಂತು. ಅದು ನಮ್ಮ ಲಾವಂಚದ ತಟ್ಟಿಯ ತಮ್ಮನೇ ಸರಿ. ಒಣ ಹವೆಯಲ್ಲಿ ಮಾತ್ರ ಅದರ ಆಟ. ಮಂಗಳೂರಿನ ಸೆಕೆಯ ಮುಂದೆ ನಡೆಯದು.

ಟ್ರೇಲರಿಗೆ ತಕ್ಕ ಸಣ್ಣ ವಿದ್ಯುತ್ ಯಂತ್ರಗಳು ಹಬ್ಬಿದ್ದು 1960ರ ದಶಕದಿಂದೀಚೆಗೆ. ಅವುಗಳನ್ನು ಎಲ್ಲಿ ಕೂರಿಸಬೇಕು? ಅಡಿಗೆಯ ಹಬೆ ಹೋಗಲೆಂದು ಟ್ರೇಲರಿನ ಮಾಡಿನ ನಡುವೆ ಹದಿನಾಲ್ಕು ಅಂಗುಲ ಚೌಕದ ಒಂದು ಕಿಂಡಿ ಇರುತ್ತಿತ್ತು. ಯಂತ್ರವನ್ನು ಅದೇ ಅಳತೆಗೆ ಮಾಡಿದರು. ಕಿಂಡಿಯ ಮುಚ್ಚಳ ತೆಗೆ, ಯಂತ್ರವನ್ನು ಇಡು, ಸುಲಭವಾದ ಕೆಲಸ. ಹೀಗೆ ಹಬೆ ಹೊರಗೆ ಹೋಗುವ ಜಾಗದಲ್ಲಿ ತಂಪು ಒಳಗೆ ಬರುವ ಯಂತ್ರ ಕುಳಿತಿತು. ಆದರೆ ಆ ಕಿಂಡಿ ಇದ್ದದ್ದು ನಡುಮನೆಯಲ್ಲಿ, ಒಲೆಯ ಬಳಿ. ಮಲಗುವ ಕೋಣೆ ಟ್ರೇಲರಿನ ತುದಿಯಲ್ಲಿ, ಬಾಗಿಲಿನ ಹಿಂದೆ. ದೊಡ್ಡ ಟ್ರೇಲರುಗಳಲ್ಲಿ ಅದು ಎಳೆಯುವ ಗಾಡಿಯ ಬೆನ್ನಿನ ಮೇಲೆ ಚಾಚಿಕೊಂಡು ಎರಡು ಮೆಟ್ಟಿಲು ಎತ್ತರದಲ್ಲಿ ಬೇರೆ ಇರುತ್ತದೆ. ತಂಪುಗಾಳಿ ಭಾರ, ಇಳಿಯುತ್ತದೆ. ಬಿಸಿಗಾಳಿ ಹಗುರ, ಏರುತ್ತದೆ. ಮನೆಯ ಬಿಸಿಯೆಲ್ಲ ಹಾಸಿಗೆಯ ಮೇಲೆ ಬಂದು ಕೂರುತ್ತದೆ.

ಈ ಸಂಗತಿ ನನಗೆ ಪುಸ್ತಕದಿಂದ ತಿಳಿದದ್ದಲ್ಲ. ಕೆಲವು ವರ್ಷಗಳ ಹಿಂದೆ ಅಮೆರಿಕದ ಕನ್ನಡಿಗರ ಕೂಟವೊಂದರಲ್ಲಿ ಮಾತನಾಡಲು ಹೋಗಿದ್ದೆ. ಬಿ.ಎಸ್‌ಸಿ.ಯಲ್ಲಿ ನನ್ನ ಬಳಿ ಕನ್ನಡ ಓದಿದ ಹುಡುಗನೊಬ್ಬ ಅರಿಜೋನದ ಫೀನಿಕ್ಸಿನಲ್ಲಿದ್ದಾನೆ. ಅವನು ತನ್ನ ಟ್ರೇಲರಿನಲ್ಲಿ ಕೊಲೊರಾಡೊ ನದಿಯ ದಂಡೆಗೆ ಕರೆದುಕೊಂಡು ಹೋದ. ರಾತ್ರಿ, “ಮೇಷ್ಟ್ರೇ, ಒಳಗಿನ ಮಂಚ ನಿಮಗೆ” ಎಂದು ಗೌರವದಿಂದ ಕೋಣೆಯನ್ನು ಬಿಟ್ಟುಕೊಟ್ಟ. ಗಂಡ, ಹೆಂಡತಿ, ಮಗು ನಡುಮನೆಯಲ್ಲಿ ಕಂಬಳಿ ಹೊದ್ದು ಮಲಗಿದರು. ಬಾಗಿಲ ಈಚೆಗೆ ನಾನು ಬನಿಯನ್ನನ್ನೂ ತೆಗೆದಿಟ್ಟು ಬೀಸಣಿಗೆಗೆ ತಡಕಾಡಿದೆ. ಬೆಳಿಗ್ಗೆ ನನ್ನ ಮುಖ ನೋಡಿ ಅವನ ಹೆಂಡತಿ, “ಏನ್ರೀ, ಮೇಷ್ಟ್ರನ್ನ ಬೇಯಿಸಿಬಿಟ್ರಲ್ಲ!” ಎಂದಳು.

ಹುಡುಗ ಕಾಫಿಯನ್ನೂ ಕುಡಿಯದೆ ಯಂತ್ರದ ಕೆಳಮುಚ್ಚಳವನ್ನು ಬಿಚ್ಚಿದ. ನಾನು ದೀಪ ಹಿಡಿದು ನಿಂತೆ. ಯಂತ್ರ ನಡುವಿನಿಂದ ಮನೆಯ ಗಾಳಿಯನ್ನು ಹೀರಿ, ತಂಪು ಮಾಡಿ, ಪಕ್ಕದ ಕೊಳವೆಗಳಿಗೆ ನೂಕಬೇಕು. ಹೀರುವ ಅಂಕಣಕ್ಕೂ ನೂಕುವ ಅಂಕಣಕ್ಕೂ ನಡುವೆ ಇದ್ದ ತೆಳು ತಡಿಕೆಯ ಅಂಚಿನಲ್ಲಿ ಬೆರಳು ತೂರುವಷ್ಟು ಸಂದು. ತಂಪುಗಾಳಿ ಕೊಳವೆಗೆ ಹೋಗುವ ಮೊದಲೇ ಆ ಸಂದಿನಿಂದ ನುಸುಳಿ ಮತ್ತೆ ಯಂತ್ರದ ಬಾಯಿಗೇ ಬೀಳುತ್ತಿತ್ತು. ಯಂತ್ರ ತಾನು ಮಾಡಿದ ತಂಪನ್ನು ತಾನೇ ಉಣ್ಣುತ್ತಿತ್ತು. ಇಂಥ ಯಂತ್ರಗಳ ಸುರುಳಿಯ ಮೇಲೆ ಮಂಜು ಕಟ್ಟಿ ಗಾಳಿಯೇ ನಿಂತುಹೋಗುವುದೂ ಉಂಟಂತೆ. ಮಾಡಿನ ದಪ್ಪವೇ ನಾಲ್ಕಾರು ಅಂಗುಲ. ಅದರೊಳಗಿನ ಕೊಳವೆ ಒಂದು ಕಡೆ ಹಿಂಡಿದಂತೆ ಚಪ್ಪಟೆಯಾಗಿತ್ತು. ಕೊಳವೆಯ ಅಡ್ಡಳತೆ ಅರ್ಧವಾದರೆ ಗಾಳಿಯೂ ಅರ್ಧವಾಗುತ್ತದೆಂದು ನಾವು ಎಣಿಸುತ್ತೇವೆ. ಹಾಗಲ್ಲ: ಕೊಳವೆಯ ಉದ್ದಕ್ಕೂ ಅಡ್ಡಳತೆ ಅರ್ಧವಾದರೆ, ನೂಕು ಅಷ್ಟೇ ಇದ್ದರೂ, ಗಾಳಿ ಸುಮಾರು ಆರರಲ್ಲಿ ಒಂದು ಪಾಲಿಗೆ ಇಳಿಯುತ್ತದೆ.

ಅವನು ಸಂದುಗಳಿಗೆಲ್ಲ ಅಲ್ಯುಮಿನಿಯಮ್ ಪಟ್ಟಿ ಅಂಟಿಸಿದ, ಕೊಳವೆಯನ್ನು ನೆಟ್ಟಗೆ ಮಾಡಿದ. ಆಮೇಲೆ ಕೋಣೆಯ ಬಾಗಿಲನ್ನು ತೆಗೆದು ಅದರ ಅಡಿಯಿಂದ ಮುಕ್ಕಾಲು ಅಂಗುಲ ಕೊಯ್ದ. ಬಾಗಿಲಿಗೂ ಗಾಳಿಗೂ ಏನು ಸಂಬಂಧ ಎಂದು ಕೇಳಿದೆ. “ಒಳಗೆ ಬಂದ ಗಾಳಿ ಹೊರಗೆ ಹೋಗ್ಬೇಕಲ್ಲ ಮೇಷ್ಟ್ರೇ. ಹೋಗದಿದ್ರೆ ಹೊಸದು ಬರೋದು ಹೇಗೆ?” ಎಂದ. ತುಂಬಿದ ಕೊಡಕ್ಕೆ ನೀರು ಹೊಯ್ದ ಹಾಗೆ. ಆ ರಾತ್ರಿ ಹನ್ನೊಂದು ಗಂಟೆಯ ಹೊತ್ತಿಗೆ ನಾನೂ ಕಂಬಳಿ ಎಳೆದುಕೊಂಡೆ.

ಕೋಣೆಗೆ ಇನ್ನೊಂದು ಯಂತ್ರ ಇಟ್ಟರಾಯಿತಲ್ಲ ಎಂದರೆ, ಎಲ್ಲ ಕಡೆಯೂ ಅದು ಆಗದು. ಬಿಡಾರದ ಬಯಲುಗಳಲ್ಲಿ ಸಣ್ಣ ಟ್ರೇಲರುಗಳಿಗೆ ಸಿಕ್ಕುವ ವಿದ್ಯುತ್ತು 30 ಆಂಪಿಯರು, 120 ವೋಲ್ಟು. ಒಟ್ಟು 3,600 ವಾಟು. ಒಂದು ಯಂತ್ರ, ಒಂದು ಒಲೆ, ಒಂದು ದೀಪಕ್ಕೆ ಅದು ತೀರುತ್ತದೆ. ದೊಡ್ಡ ಟ್ರೇಲರುಗಳಿಗೆ 50 ಆಂಪಿಯರಿನ ತಂತಿ ಬಂದ ಮೇಲೆ ಎರಡು ಯಂತ್ರಗಳು ಸಾಧ್ಯವಾದವು. ಸಣ್ಣವರಿಗೆ ಇರುವ ಒಂದರ ಗಾಳಿಯೇ ಹಾಸಿಗೆ ಮುಟ್ಟಬೇಕು.

ಇದು ಬರಿಯ ವಿಹಾರದವರ ಸುಖದ ಪ್ರಶ್ನೆಯಾಗಿ ಉಳಿದಿಲ್ಲ. ಬಾಡಿಗೆ ತೆರಲಾರದ ಬಡವರು, ಒಂಟಿ ಮುದುಕರು ಅನೇಕರು ಅಲ್ಲಿ ವರ್ಷವಿಡೀ ಟ್ರೇಲರಿನಲ್ಲೇ ವಾಸಿಸುತ್ತಾರೆ. 2023ರ ಬೇಸಗೆಯಲ್ಲಿ ಫೀನಿಕ್ಸಿನಲ್ಲಿ ಎಡೆಬಿಡದೆ 31 ದಿನ ಉಷ್ಣತೆ 110 ಡಿಗ್ರಿಯನ್ನು ಮುಟ್ಟಿತು ಅಥವಾ ಮೀರಿತು. ಆ ಊರು ಸೇರಿದ ಮರಿಕೋಪಾ ಕೌಂಟಿಯಲ್ಲಿ ಆ ವರ್ಷ ಬಿಸಿಲ ಬೇಗೆಗೆ ಸಂಬಂಧಪಟ್ಟು ಸತ್ತವರೆಂದು ಲೆಕ್ಕವಾದವರು 645 ಮಂದಿ. ಮನೆಯೊಳಗೇ ಸತ್ತವರಲ್ಲಿ ಬಹು ಮಂದಿಯ ಮನೆಯ ತಂಪಿನ ಯಂತ್ರ ಕೆಟ್ಟು ನಿಂತಿತ್ತು. ಗಾರ್ಫೀಲ್ಡನಿಗೆ ನೌಕಾಪಡೆಯ ಎಂಜಿನಿಯರುಗಳಿದ್ದರು.

ನನ್ನ ಶಿಷ್ಯ ಈಗ ಪ್ರತಿ ವರ್ಷ ಮೇ ತಿಂಗಳಲ್ಲಿ ಎರಡು ಸುರುಳಿ ಪಟ್ಟಿಯನ್ನೂ ಒಂದು ಗರಗಸವನ್ನೂ ತೆಗೆದುಕೊಂಡು ತನ್ನ ಮನೆಯ ಹತ್ತಿರದ ಟ್ರೇಲರುಗಳ ವಠಾರಕ್ಕೆ ಹೋಗಿ ಬರುತ್ತಾನೆ. ಮೊನ್ನೆ ಫೋನಿನಲ್ಲಿ ಹೇಳಿದ: ಅಲ್ಲಿಯ ಒಬ್ಬ ಮುದುಕಿ, ಗಂಡ ಮಾಡಿದ ಬಾಗಿಲೆಂದು ಅದನ್ನು ಕೊಯ್ಯಲು ಬಿಡಲಿಲ್ಲವಂತೆ. ಕೊನೆಗೆ ಅವನು ಬಾಗಿಲನ್ನು ಕಳಚಿ ಹಾಗೆಯೇ ಗೋಡೆಗೆ ಒರಗಿಸಿ, ಅದರ ಜಾಗದಲ್ಲಿ ನೆಲದಿಂದ ಒಂದು ಗೇಣು ಮೇಲೆ ನಿಲ್ಲುವ ಪರದೆ ಕಟ್ಟಿಕೊಟ್ಟನಂತೆ.