ಕಹಿ ನೀರಿನಿಂದ ಮಾತ್ರೆಯವರೆಗೆ

ಈಚೆಗೆ ನಮ್ಮ ಸಂಘದ ಹಿರಿಯರ ಮಾತುಕತೆಯಲ್ಲಿ ಮೆಗ್ನೀಸಿಯಂ ಮಾತ್ರೆಯ ಹೆಸರು ಆಗಾಗ ಕೇಳಿಬರುತ್ತಿದೆ. ರಾತ್ರಿ ಮೀನಖಂಡ ಹಿಡಿದರೂ ಅದು, ನಿದ್ದೆ ಬಾರದಿದ್ದರೂ ಅದು. ವೈದ್ಯರ ಚೀಟಿಯಿಲ್ಲದೆ ಸಿಗುವುದರಿಂದ ಯಾರನ್ನೂ ಕೇಳಬೇಕೆನಿಸುವುದಿಲ್ಲ. ಆದರೆ ವಸ್ತು ಹೊಸದಲ್ಲ. ಹಿಂದೆ ಹೊಟ್ಟೆ ತೊಳೆಯಲೆಂದು ಮುಖ ಕಿವಿಚಿಕೊಂಡು ಕುಡಿಯುತ್ತಿದ್ದ ಭೇದಿ ಉಪ್ಪು ಮೆಗ್ನೀಸಿಯಂ ಸಲ್ಫೇಟೇ. ಅದರ ಚರಿತ್ರೆಯನ್ನರಿತರೆ ಇಂದಿನ ಮಾತ್ರೆಯ ವಿಷಯದಲ್ಲಿ ಎಚ್ಚರವೇಕೆಂಬುದೂ ತಿಳಿದೀತು.

ಕಥೆ ಆರಂಭವಾಗುವುದು ಇಂಗ್ಲೆಂಡಿನ ಎಪ್ಸಂ ಎಂಬ ಊರಿನಲ್ಲಿ. 1618ರ ಬೇಸಿಗೆಯಲ್ಲಿ ನೀರಿನ ಅಭಾವವಾದಾಗ ಹೆನ್ರಿ ವಿಕರ್ ಎಂಬಾತ ತನ್ನ ದನಗಳಿಗಾಗಿ ಒಂದು ಗುಂಡಿಯನ್ನು ಅಗೆದು ಅಗಲ ಮಾಡಿದನಂತೆ. ಬಾಯಾರಿದ ದನಗಳೂ ಆ ನೀರನ್ನು ಮುಟ್ಟಲಿಲ್ಲವಂತೆ. ಇದು ಐತಿಹ್ಯ. ಆದರೆ ಆ ಕಹಿ ನೀರು ಮದ್ದೆಂದು ಹೆಸರಾಗಿ ಜನ ಅಲ್ಲಿಗೆ ಹೋಗತೊಡಗಿದ್ದು ನಿಜ. 1695ರಲ್ಲಿ ವೈದ್ಯ ನೆಹೆಮಯಾ ಗ್ರೂ ಆ ನೀರಿನ ಉಪ್ಪನ್ನು ಕುರಿತು ಲ್ಯಾಟಿನ್ನಿನಲ್ಲಿ ಪುಸ್ತಕ ಬರೆದ. 1698ರಲ್ಲಿ ಅದರ ತಯಾರಿಕೆಗೆ ರಾಜಸನ್ನದನ್ನೂ ಪಡೆದ.

ಆ ಉಪ್ಪಿನೊಳಗೇನಿದೆ ಎಂಬುದು ತಿಳಿಯಲು ಇನ್ನೂ ಕಾಲ ಬೇಕಾಯಿತು. 1755ರಲ್ಲಿ ಎಡಿನ್‌ಬರೊದ ಜೋಸೆಫ್ ಬ್ಲ್ಯಾಕ್ ಮೆಗ್ನೀಶಿಯ ಬೇರೆ, ಸುಣ್ಣ ಬೇರೆ ಎಂದು ತೋರಿಸಿದ. 1808ರಲ್ಲಿ ಹಂಫ್ರಿ ಡೇವಿ ವಿದ್ಯುತ್ತಿನ ನೆರವಿನಿಂದ ಲೋಹವನ್ನೇ ಬೇರ್ಪಡಿಸಿದ. ದೇಹಕ್ಕೆ ಇದು ಬೇಕೇ ಬೇಕೆಂಬುದು ಸ್ಪಷ್ಟವಾದದ್ದು 20ನೆಯ ಶತಮಾನದಲ್ಲಿ. 1932ರಲ್ಲಿ ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದಲ್ಲಿ ಮೆಕಾಲಂ ಮತ್ತು ಸಂಗಡಿಗರು ಇಲಿಗಳಿಗೆ ಮೆಗ್ನೀಸಿಯಂ ಇಲ್ಲದ ಆಹಾರವಿತ್ತಾಗ ಅವು ಸೆಳವು ಬಂದು ಸತ್ತವು. ಹೀಗೆ ಹೊಟ್ಟೆ ತೊಳೆಯುವ ಉಪ್ಪು ಪೋಷಕಾಂಶವೂ ಆಯಿತು.

ಔಷಧವಾಗಿ ಅದರ ದೊಡ್ಡ ಗೆಲುವು ಹೆರಿಗೆ ಕೋಣೆಯಲ್ಲಿ. ರಕ್ತದೊತ್ತಡ ಏರಿದ ಗರ್ಭಿಣಿಯರಿಗೆ ಸೆಳವು ಬರುವ ಅಪಾಯ ಮೆಗ್ನೀಸಿಯಂ ಸಲ್ಫೇಟಿನಿಂದ ಅರ್ಧಕ್ಕಿಳಿಯುತ್ತದೆಂದು ಸುಮಾರು 10,000 ಮಹಿಳೆಯರ ಮೇಲಿನ ಪರೀಕ್ಷೆಯಿಂದ 2002ರಲ್ಲಿ ತಿಳಿಯಿತು. ಆದರೆ ಅದನ್ನು ಕೊಡುವಾಗ ದಾದಿಯರು ಮೊಣಕಾಲಿನ ಪ್ರತಿಕ್ರಿಯೆ, ಉಸಿರಾಟ, ಮೂತ್ರದ ಪ್ರಮಾಣ ಇವನ್ನು ಮತ್ತೆ ಮತ್ತೆ ನೋಡುತ್ತಾರೆ. ಪ್ರತಿವಿಷವಾಗಿ ಕ್ಯಾಲ್ಸಿಯಂ ಗ್ಲುಕೊನೇಟ್ ಪಕ್ಕದಲ್ಲೇ ಇರುತ್ತದೆ. ಮೆಗ್ನೀಸಿಯಂ ರಕ್ತದಲ್ಲಿ ಮಿತಿಮೀರಿದರೆ ಸ್ನಾಯುಗಳು ಸೋತು ಉಸಿರೇ ನಿಲ್ಲಬಹುದು.

ಮನೆಯಲ್ಲಿ ಮಾತ್ರೆ ನುಂಗುವ ನಮ್ಮ ಪಕ್ಕದಲ್ಲಿ ದಾದಿಯಿಲ್ಲ. ಹೆಚ್ಚಾದದ್ದನ್ನು ಹೊರಹಾಕುವ ಕೆಲಸ ಮೂತ್ರಪಿಂಡದ್ದು. ಅದು ದುರ್ಬಲವಾಗಿದ್ದವರು ವೈದ್ಯರು ಹೇಳದ ಹೊರತು ಈ ಮಾತ್ರೆಯನ್ನು ಮುಟ್ಟಬಾರದು. ಉಳಿದ ವಯಸ್ಕರಿಗೆ ಮಾತ್ರೆಯ ಮೂಲಕ ದಿನಕ್ಕೆ 350 ಮಿಲಿಗ್ರಾಂ ಮಿತಿಯೆಂದು ಅಮೆರಿಕದ ತಜ್ಞರು 1997ರಲ್ಲಿ ಹೇಳಿದರು. ಯುರೋಪಿನವರು 250ಕ್ಕೇ ನಿಲ್ಲಿಸಿದ್ದಾರೆ. ಇದು ಮೆಗ್ನೀಸಿಯಂ ಧಾತುವಿನ ತೂಕ, ಇಡೀ ಲವಣದ್ದಲ್ಲ. ಭೇದಿಯಾದರೆ ಪ್ರಮಾಣ ಹೆಚ್ಚಾಯಿತೆಂದೇ ತಿಳಿಯಬೇಕು. ಥೈರಾಯಿಡ್ ಮಾತ್ರೆಗೂ ಇದಕ್ಕೂ ನಾಲ್ಕು ಗಂಟೆಗಳ ಅಂತರವಿರಲಿ. ಕೆಲವು ಆಂಟಿಬಯಾಟಿಕ್‌ಗಳ ಗುಣವನ್ನೂ ಇದು ತಗ್ಗಿಸುತ್ತದೆ.

ಕೊರತೆ ಇಲ್ಲವೆಂದು ನಾವು ಹೇಳುತ್ತಿಲ್ಲ. ದೀರ್ಘಕಾಲದ ಭೇದಿ, ಮದ್ಯಪಾನ, ಮೂತ್ರ ಹೆಚ್ಚಿಸುವ ಮಾತ್ರೆಗಳು, ವರ್ಷಗಟ್ಟಲೆ ನುಂಗುವ ಆಮ್ಲನಿವಾರಕ ಮಾತ್ರೆಗಳಲ್ಲಿ ಕೆಲವು — ಇವುಗಳಿಂದ ಕೊರತೆ ಬರಬಹುದು. ಅಂಥವರಿಗೆ ಚಿಕಿತ್ಸೆ ಬೇಕು. ಆದರೆ ಹಿರಿಯರ ಕಾಲು ಸೆಳೆತವನ್ನು ತಡೆಯುವಲ್ಲಿ ಈ ಮಾತ್ರೆಯಿಂದ ಹೆಚ್ಚಿನ ಪ್ರಯೋಜನ ಕಂಡುಬಂದಿಲ್ಲ. ಆರೋಗ್ಯವಂತರಿಗೆ ರಾಗಿ, ಎಳ್ಳು, ಬೇಳೆಕಾಳು, ಸೊಪ್ಪುಗಳಿಂದಲೇ ಮೆಗ್ನೀಸಿಯಂ ದೊರೆಯುತ್ತದೆ. ಮಾತ್ರೆ ನುಂಗುತ್ತಿರುವ ಹಿರಿಯರು ಮುಂದಿನ ಸಲ ವೈದ್ಯರಲ್ಲಿಗೆ ಹೋಗುವಾಗ ಆ ಶೀಶೆಯನ್ನೂ ಚೀಲದಲ್ಲಿಟ್ಟುಕೊಂಡು ಹೋಗಲಿ ಎಂಬುದಷ್ಟೇ ನಮ್ಮ ವಿನಂತಿ.